ಅಂಗೈ ಇಟ್ಟು ನೋಡಿ

ನೀವು ಆಕೆಯನ್ನು ನೋಡಿದ್ದೀರಿ. ಮೇ ತಿಂಗಳ ಮಟಮಟ ಮಧ್ಯಾಹ್ನ, ಯಾದಗಿರಿಯ ನಿಲ್ದಾಣದ ಹೊರಗೋ, ಶಹಾಪುರದ ರಸ್ತೆ ಬದಿಯಲ್ಲೋ, ಸುರಪುರದಿಂದ ರಂಗಂಪೇಟೆಗೆ ತಿರುಗುವ ದಾರಿಯಲ್ಲೋ, ಅರ್ಧ ತುಂಬಿ ಇನ್ನರ್ಧಕ್ಕೆ ಕಾಯುತ್ತಾ ನಿಂತ ಒಂದು ಟಂಟಂ ಆಟೊ. ಎಂಜಿನ್ ಆರಿಸಿಲ್ಲ. ಆರಿಸಿದರೆ ಮತ್ತೆ ಹೊತ್ತುತ್ತದೋ ಇಲ್ಲವೋ ಎಂಬ ಅಂಜಿಕೆ ಅದರ ಚಾಲಕನಿಗೆ. ಆಸ್ಪತ್ರೆಯ ಚೀಟಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡ ಒಬ್ಬ ಆಯಿ ನಿಧಾನಕ್ಕೆ ಹತ್ತುತ್ತಾಳೆ. ಒಳ್ಳೆಯ ಜಾಗವೆಲ್ಲ ಆಗಲೇ ತುಂಬಿದೆ. ಆಕೆಗೆ ಉಳಿದಿರುವುದು ಕಟ್ಟಕಡೆಯ ಸೀಟು, ರೆಕ್ಸಿನ್ ಹರಿದು ಸ್ಪಂಜು ಉದುರಿ ತಗಡು ಕಾಣುತ್ತಿರುವ ಸೀಟು, ಎಂಜಿನ್ನಿನ ನೆತ್ತಿಯ ಮೇಲಿನ ಸೀಟು. ಪಕ್ಕದ ಹುಡುಗ ಕೇಳುತ್ತಾನೆ, "ಆಯೀ, ಸುಡ್ತದೇನು?" ಆಕೆ ನಗುತ್ತಾಳೆ, "ಏನೂ ತಿಳಿವಲ್ದಪ್ಪ, ಕಾಲೆಲ್ಲ ಜೋಮು ಹಿಡಿದಾವು."

ಏನೂ ತಿಳಿವಲ್ದಪ್ಪ. ಈ ಬರಹ ಹುಟ್ಟಿದ್ದು ಆ ಒಂದು ಮಾತಿನಿಂದ. ಸಕ್ಕರೆ ಬೇನೆಯಿಂದ ಕಾಲಿನ, ತೊಡೆಯ ಸ್ಪರ್ಶ ಕಳೆದುಕೊಂಡ ಆ ಜೀವಕ್ಕೆ ಸೀಟು ಕಾದದ್ದು ತಿಳಿಯುವುದಿಲ್ಲ. ಅವಳಿಗೆ ತಿಳಿಯದು, ಸರಿ. ಆದರೆ ಎದುರು ಕೂತ ನಿಮಗೆ, ಹಾದು ಹೋದ ನಿಮಗೆ, ಗಾಡಿಯ ಒಡೆಯರಾದ ನಿಮಗೆ, ಗಾಡಿಗೆ ಯೋಗ್ಯತಾ ಪತ್ರ ಕೊಟ್ಟ ನಿಮಗೆ ತಿಳಿಯುತ್ತದಲ್ಲ? ನಾನು ಜಗಳಕ್ಕೆ ಬಂದವನಲ್ಲ. ಕೈ ಜೋಡಿಸಿ ಒಂದು ಮಾತು ಕೇಳಲು ಬಂದಿದ್ದೇನೆ. ಅವಳು ಕೂರುವ ಮುನ್ನ ಆ ಸೀಟಿನ ಮೇಲೆ ಒಮ್ಮೆ ನಿಮ್ಮ ಅಂಗೈ ಇಟ್ಟು ನೋಡಿ.

ದೂರದ ಒಂದು ಕಥೆಯಿಂದ ಶುರುಮಾಡುತ್ತೇನೆ, ಬೇಸರಿಸಬೇಡಿ. ಹಿಮ ಬೀಳುವ ದೇಶಗಳ ಕಾರುಗಳಲ್ಲಿ ಸೀಟನ್ನು ಬಿಸಿ ಮಾಡುವ ಏರ್ಪಾಡು ಇರುತ್ತದೆ. ಸ್ಪಂಜಿನ ಒಳಗೆ ತೆಳ್ಳಗಿನ ತಂತಿಯ ಹಾಸು, ಅದರಲ್ಲಿ ಹರಿಯುವ ವಿದ್ಯುತ್ತು, ಬಿಸಿ ಮಿತಿ ಮೀರದಂತೆ ಕಾಯುವ ಒಂದು ಪುಟ್ಟ ಸಾಧನ. ಚಳಿಯಲ್ಲಿ ನಡುಗುವವರಿಗೆ ಅದು ತಾಯಿಯ ಮಡಿಲಿನಷ್ಟು ಹಿತ. ಆದರೆ ತಂತಿ ಮಡಿಚಿ ಮಡಿಚಿ ಒಂದು ಕಡೆ ಸವೆದರೆ ಅಲ್ಲೇ ಕಿಡಿಯಂಥ ಬಿಸಿ ಕೂಡಿಕೊಳ್ಳುತ್ತದೆ. ಕಾಯುವ ಸಾಧನ ಕೆಟ್ಟರೆ ಸೀಟು ಕಾಯುತ್ತಲೇ ಹೋಗುತ್ತದೆ. ಸಾಮಾನ್ಯ ಮನುಷ್ಯ ಅಬ್ಬಾ ಎಂದು ಎದ್ದುಬಿಡುತ್ತಾನೆ. ಏಳದೆ ಕೂತವರು ಯಾರು? ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ಪರ್ಶವಿಲ್ಲದವರು, ಸಕ್ಕರೆ ಕಾಯಿಲೆಯಿಂದ ನರ ಸತ್ತವರು. ಅವರು ತಣ್ಣಗೆ ಕೂತು, ಊರು ಮುಟ್ಟಿ, ಇಳಿದು, ಮನೆಯಲ್ಲಿ ಬಟ್ಟೆ ಬದಲಿಸುವಾಗ ಮನೆಯವರ ಕಣ್ಣಿಗೆ ಬಿದ್ದದ್ದು ಚರ್ಮ ಸುಟ್ಟು ಒಳಗಿನ ಮಾಂಸ ಕಾಣುವ ಗಾಯ. 2011ರಲ್ಲಿ ಅಮೆರಿಕದ ಸುರಕ್ಷತಾ ಹೋರಾಟಗಾರರೂ ಸುಟ್ಟಗಾಯದ ವೈದ್ಯರೂ ಅಲ್ಲಿನ ಸರ್ಕಾರದ ಮುಂದೆ ನಿಂತು, ಈ ಸೀಟುಗಳ ಬಿಸಿಗೊಂದು ಮಿತಿ ಹಾಕಿ, ತಾನಾಗಿ ಆರುವ ವ್ಯವಸ್ಥೆ ಮಾಡಿ ಎಂದು ಬೇಡಿಕೊಂಡರು. ಕೂಗಲಾರದ ಚರ್ಮದ ಪರವಾಗಿ ಯಾರೋ ಕೂಗಬೇಕಿತ್ತು, ಅವರು ಕೂಗಿದರು.

ನೀವು ನಗಬಹುದು. ಬಿಸಿಲನಾಡಿನವರಿಗೆ ಬಿಸಿ ಸೀಟಿನ ಕಥೆ ಹೇಳುತ್ತೀಯಲ್ಲ ಎಂದು. ನಮ್ಮೂರಲ್ಲಿ ಸೀಟು ಬಿಸಿ ಮಾಡಲು ಗುಂಡಿ ಯಾರಿಗೆ ಬೇಕು, ಸೂರ್ಯನೇ ಇದ್ದಾನಲ್ಲ ಎಂದು. ನಾನು ಹೇಳಲು ಹೊರಟದ್ದೂ ಅದನ್ನೇ. ಅಲ್ಲಿನ ಬಿಸಿ ಸೀಟಿಗೆ ಆರಿಸುವ ಗುಂಡಿಯಾದರೂ ಇದೆ. ನಮ್ಮ ಟಂಟಂನ ಹಿಂದಿನ ಸೀಟಿಗೆ ಗುಂಡಿ ಎಲ್ಲಿದೆ? ಹಳೇ ಟೆಂಪೊದಲ್ಲಿ, ಲಾರಿಯಲ್ಲಿ ಚಾಲಕನ ಪಕ್ಕದ ಎಂಜಿನ್ ಡಬ್ಬಿಯ ಮೇಲೆ ಗೋಣಿತಟ್ಟು ಹಾಸಿ ಹೆಣ್ಣುಮಕ್ಕಳನ್ನು ಕೂರಿಸುತ್ತಾರಲ್ಲ, ಆ ಡಬ್ಬಿಗೆ ಗುಂಡಿ ಎಲ್ಲಿದೆ? ಬೆಳಗಿನಿಂದ ಬಿಸಿಲಲ್ಲಿ ನಿಂತ ಗೂಡ್ಸ್ ಗಾಡಿಯ ತಗಡಿಗೆ, ಹತ್ತಿ ಬಿಡಿಸಲು ಹೊರಟ ಕೂಲಿಯವರು ಚಕ್ಕಂಬಕ್ಕಳ ಹಾಕಿ ಕೂರುವ ಆ ತಗಡಿಗೆ, ಆರಿಸುವ ಗುಂಡಿ ಯಾರ ಕೈಯಲ್ಲಿದೆ?

ಚರ್ಮಕ್ಕೊಂದು ಲೆಕ್ಕವಿದೆ. 1947ರಲ್ಲಿ ಮೊರಿಟ್ಜ್ ಮತ್ತು ಹೆನ್ರಿಕ್ವೆಸ್ ಎಂಬ ಇಬ್ಬರು ವಿಜ್ಞಾನಿಗಳು ಆ ಲೆಕ್ಕ ಬರೆದಿಟ್ಟರು. 44 ಡಿಗ್ರಿ ಸೆಲ್ಸಿಯಸ್ ಬಿಸಿಯ ವಸ್ತುವಿಗೆ ಚರ್ಮ ಒಂದೇ ಸಮ ಅಂಟಿಕೊಂಡಿದ್ದರೆ ಸುಡಲು ಸುಮಾರು 6 ಗಂಟೆ ಬೇಕು. 49ಕ್ಕೆ ಏರಿದರೆ ಹತ್ತು ನಿಮಿಷದ ಆಸುಪಾಸು ಸಾಕು. 60 ಮುಟ್ಟಿದರೆ ಕೆಲವೇ ಸೆಕೆಂಡು. ಬಿಸಿ ತುಸುವೇ ಏರಿದರೂ ಸಾಕು, ಗಂಟೆಗಳು ನಿಮಿಷಗಳಾಗುತ್ತವೆ, ನಿಮಿಷಗಳು ಕ್ಷಣಗಳಾಗುತ್ತವೆ. ಈಗ ನಮ್ಮ ಊರನ್ನು ನೆನೆಸಿಕೊಳ್ಳಿ. ಏಪ್ರಿಲ್ ಕಳೆದು ಮೇ ಬಂತೆಂದರೆ ನೆರಳಿನ ಗಾಳಿಯೇ 42, 43 ಡಿಗ್ರಿ ಮುಟ್ಟುವ ಜಿಲ್ಲೆ ನಮ್ಮದು. ಅದು ನೆರಳಿನ ಮಾತು. ಬಿಸಿಲಿಗೆ ಮೈಯೊಡ್ಡಿ ನಿಂತ ಕಪ್ಪು ರೆಕ್ಸಿನ್, ಬರಿಯ ತಗಡು 60 ಡಿಗ್ರಿ ದಾಟುವುದು ದೊಡ್ಡ ಮಾತೇನಲ್ಲ. ಅದರ ಕೆಳಗೆ ಕುದಿಯುವ ಎಂಜಿನ್ನು, ಕೆಂಡದಂಥ ಸೈಲೆನ್ಸರು. ನಡುವೆ ಇರಬೇಕಾದ ಶಾಖ ತಡೆಯುವ ಹಾಸು ಯಾವತ್ತೋ ಉದುರಿ ಹೋಗಿದೆ. ಅದನ್ನು ಮತ್ತೆ ಹಾಕಿಸಬೇಕೆಂದು ನಿಮಗೆ ಗೊತ್ತಿದೆ. ಹಾಕಿಸಿಲ್ಲ.

ನಿಮಗೆ ಗೊತ್ತಿದೆ. ಈ ಮಾತನ್ನು ನಾನು ಕುಟುಕಲು ಹೇಳುತ್ತಿಲ್ಲ. ಗೊತ್ತಿಲ್ಲದವರಿಗೆ ತಿಳಿಸಿ ಹೇಳಬಹುದು. ಗೊತ್ತಿದ್ದೂ ಅತ್ತ ಮುಖ ಮಾಡಿದವರನ್ನು ಹೆಗಲು ಮುಟ್ಟಿ ಕರೆಯಬೇಕು. ನಿಮ್ಮ ಬೈಕಿನ ಸೀಟು ಕಾದಿದ್ದರೆ ನೀವು ಅದಕ್ಕೆ ನೀರು ಚಿಮುಕಿಸಿ, ಟವೆಲ್ ಹಾಸಿ, ಆಮೇಲೆ ಕೂರುತ್ತೀರಿ. ಕಾರಿನ ಬಾಗಿಲು ತೆರೆದು ಝಳವೆಲ್ಲ ಹೊರಗೆ ಹೋಗಲಿ ಎಂದು ಎರಡು ನಿಮಿಷ ನಿಲ್ಲುತ್ತೀರಿ, ಬೆಲ್ಟಿನ ಲೋಹದ ಕೊಂಡಿ ಮುಟ್ಟಿ ಕೈ ಹಿಂದೆಗೆಯುತ್ತೀರಿ. ಬಿಸಿ ಏನೆಂದು ನಿಮಗೆ ಗೊತ್ತಿದೆ. ಸರ್ಕಾರಕ್ಕೂ ಗೊತ್ತಿದೆ; ಅದಕ್ಕೇ ಅಲ್ಲವೇ ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಕಚೇರಿಗಳೆಲ್ಲ ಬೆಳಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುವುದು? ಕಡತಕ್ಕೆ ಬಿಸಿಲು ತಾಗದಂತೆ ವೇಳೆ ಬದಲಿಸಿದೆವು. ಆ ಕಚೇರಿಯ ಕಟ್ಟೆಯ ಮೇಲೆ ಕಾದು ಕಾದು, ಬಾಗಿಲು ಮುಚ್ಚಿದ ಮೇಲೆ ಎರಡು ಗಂಟೆಯ ಬಿಸಿಲಲ್ಲಿ ಊರಿಗೆ ಹೊರಡುವ ಆಯಿಯ ಸೀಟಿನ ಮೇಲೆ ಯಾರೂ ಅಂಗೈ ಇಡಲಿಲ್ಲ.

ಈ ಗಾಡಿಗಳನ್ನು ಹತ್ತಬೇಡಿ ಎಂದು ಹೇಳುವುದು ಸುಲಭ. ಹೇಳುವವರು ಹತ್ತಿರುವುದಿಲ್ಲ. 2009ರ ಡಿಸೆಂಬರ್ 30ರಂದು ಯಾದಗಿರಿ ಬೇರೆ ಜಿಲ್ಲೆಯಾಯಿತು. ದೊಡ್ಡ ಕಚೇರಿ, ದೊಡ್ಡ ಆಸ್ಪತ್ರೆ ಎಲ್ಲ ಹತ್ತಿರ ಬಂದವು ಎಂದು ಸಂತೋಷಪಟ್ಟೆವು. ಆದರೆ ರೈಲು ನಿಲ್ಲುವುದು ಯಾದಗಿರಿಯಲ್ಲಿ. ಶಹಾಪುರಕ್ಕೆ ರೈಲಿಲ್ಲ, ಸುರಪುರಕ್ಕೆ ರೈಲಿಲ್ಲ. ರೈಲು ಇಳಿದವರು ಮತ್ತೆ ರಸ್ತೆಗೇ ಬರಬೇಕು. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಪುಕ್ಕಟೆ, ಅದು ದೊಡ್ಡ ಉಪಕಾರ, ಕೈ ಮುಗಿಯೋಣ. ಆದರೆ ಮೆಣಸಿನಕಾಯಿ ಬಿಡಿಸುವ ಹೊಲಕ್ಕೆ ಬಸ್ಸು ಹೋಗುವುದಿಲ್ಲ, ಕಾಲುವೆಯ ಏರಿಯ ಮೇಲೆ ಬಸ್ಸು ಹತ್ತುವುದಿಲ್ಲ, ಹೆರಿಗೆ ನೋವು ಬಸ್ಸಿನ ವೇಳೆ ನೋಡಿ ಬರುವುದಿಲ್ಲ. ಕೃಷ್ಣೆಯ ನೀರು ನಾರಾಯಣಪುರದಿಂದ ಕಾಲುವೆಗೆ ಬಿದ್ದಾಗಿನಿಂದ ಭತ್ತ, ಹತ್ತಿ, ಮೆಣಸು ತುಂಬಿದವು. ಅವನ್ನು ನೆಟ್ಟು, ಬಿಡಿಸಿ, ಹೊರುವ ಕೈಗಳನ್ನು ಹೊಲಕ್ಕೆ ಮುಟ್ಟಿಸುವುದು ಈ ಗಾಡಿಗಳೇ. ತಿಂಥಣಿಯ ಮೌನೇಶ್ವರನ ಜಾತ್ರೆಗೆ, ಮೈಲಾಪುರದ ಮಲ್ಲಯ್ಯನ ಜಾತ್ರೆಗೆ ಬಡವರ ಮನೆಯವರೆಲ್ಲ ಹೊರಡುವುದೂ ಇದರಲ್ಲೇ. ಈ ಗಾಡಿಗಳು ನಮ್ಮ ಶತ್ರುಗಳಲ್ಲ, ನಮ್ಮ ಕಾಲುಗಳು. ಅದಕ್ಕೇ ಅವು ಗಾಯ ಮಾಡಿದರೆ ಇಷ್ಟು ನೋವು.

ಆ ಗಾಯದ ಬಗ್ಗೆ ಹೇಳದೆ ಮುಂದೆ ಹೋಗಲಾರೆ, ಏಕೆಂದರೆ ಆ ಗಾಯವನ್ನು ಯಾರೂ ತೋರಿಸುವುದಿಲ್ಲ. ಕೈ ಸುಟ್ಟರೆ ಊರಿಗೆಲ್ಲ ತೋರಿಸಬಹುದು, ಅಂಗೈ ಹುಣ್ಣಿಗೆ ಕನ್ನಡಿ ಬೇಕಿಲ್ಲ. ಸೀಟು ಸುಡುವುದು ಎಲ್ಲಿ? ತೊಡೆಯ ಹಿಂದೆ, ಕೂರುವ ಜಾಗದಲ್ಲಿ. ಅಲ್ಲಿಯ ಹುಣ್ಣನ್ನು ಆಯಿ ಮಗನಿಗೆ ತೋರಿಸುತ್ತಾಳೆಯೇ? ಸೊಸೆಗೆ ಹೇಳಲು ಎಷ್ಟು ದಿನ ಹಿಂಜರಿಯುತ್ತಾಳೆ? ಗಂಡು ಡಾಕ್ಟರರ ಮುಂದೆ ಬಾಯಿ ಬಿಡುತ್ತಾಳೆಯೇ? ನೋವಿದ್ದರೆ ನೋವಾದರೂ ಆಕೆಯ ಪರವಾಗಿ ಕೂಗುತ್ತಿತ್ತು. ನರ ಸತ್ತ ಚರ್ಮದಲ್ಲಿ ನೋವೂ ಮೂಕ. ಬೊಬ್ಬೆ ಒಡೆದು, ಬಟ್ಟೆ ಅಂಟಿ, ಬೆವರು ಸೇರಿ, ಕೀವಾಗಿ, ವಾಸನೆ ಬಂದ ಮೇಲೆ ಮನೆಯವರಿಗೆ ತಿಳಿಯುತ್ತದೆ. ಸಕ್ಕರೆ ಬೇನೆಯ ಮೈಯಲ್ಲಿ ಗಾಯ ಬೇಗ ಮಾಯುವುದಿಲ್ಲ. ಸಣ್ಣ ಬೊಬ್ಬೆಯೊಂದು ಕಾಲನ್ನೇ ಕೇಳಬಹುದು. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನದ ಪ್ರಕಾರ ಈ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ. ಅವರಲ್ಲಿ ಎಷ್ಟು ಮಂದಿಯ ಕಾಲು ಜೋಮು ಹಿಡಿದಿದೆ, ಎಷ್ಟು ಮಂದಿ ಇವತ್ತು ಮಧ್ಯಾಹ್ನ ಯಾವ ಎಂಜಿನ್ನಿನ ಮೇಲೆ ಕೂತಿದ್ದಾರೆ, ಯಾರು ಎಣಿಸುತ್ತಾರೆ? ಇನ್ಸುಲಿನ್ ತರಲು ಆಸ್ಪತ್ರೆಗೆ ಹೊರಟ ದಾರಿಯಲ್ಲೇ ಆ ಗಾಯ ಆಗುತ್ತದೆ ಎಂಬುದನ್ನು ನೆನೆದರೆ ಎದೆ ಭಾರವಾಗುತ್ತದೆ.

ಮಾತು ಬಾರದ ಇನ್ನೊಂದು ಜೀವ ತಾಯಿಯ ತೊಡೆಯ ಮೇಲಿದೆ. ಎಳೆಗೂಸಿನ ಚರ್ಮ ತೆಳು. ನಮ್ಮನ್ನು ಬೆಚ್ಚಗೆ ಮಾಡುವ ಬಿಸಿ ಅದನ್ನು ಸುಡುತ್ತದೆ. ಕೂಸು ಅಳುತ್ತದೆ. ಹಸಿದಿದೆ ಎನ್ನುತ್ತೇವೆ, ನಿದ್ದೆಗೆ ಅಳುತ್ತಿದೆ ಎನ್ನುತ್ತೇವೆ, ದೃಷ್ಟಿಯಾಗಿದೆ ಎನ್ನುತ್ತೇವೆ. ಅದರ ಕೆಳಗಿನ ತಗಡನ್ನು ಯಾರೂ ಮುಟ್ಟಿ ನೋಡುವುದಿಲ್ಲ. ಬೈಕಿನಲ್ಲಿ ಅಪ್ಪ ಅಮ್ಮನ ನಡುವೆ ಸಿಕ್ಕಿಕೊಂಡು ಕೂತ ಮಗುವಿನ ಬರಿಗಾಲು ಸೈಲೆನ್ಸರಿಗೆ ತಾಗುತ್ತದೆ. ಮೀನಖಂಡದ ಮೇಲೆ ಹುಣಸೆಬೀಜದಷ್ಟು ಕಪ್ಪು ಕಲೆ ಹೊತ್ತ ಎಷ್ಟು ಮಕ್ಕಳನ್ನು ನೀವು ಶಾಲೆಯ ಸಾಲಿನಲ್ಲಿ ನೋಡಿಲ್ಲ? ಆ ಕಲೆ ಈಗ ನಮಗೆ ಹುಟ್ಟುಮಚ್ಚೆಯಷ್ಟು ಸಹಜವಾಗಿದೆ. ಮದುವೆ ಮನೆಯ ಹೊರಗೆ ನಿಲ್ಲಿಸಿದ ಕಾರಿನೊಳಗೆ ಮಲಗಿದ ಮಗುವನ್ನು, ಎಬ್ಬಿಸುವುದು ಬೇಡ, ಅಕ್ಷತೆ ಹಾಕಿ ಬಂದುಬಿಡೋಣ ಎಂದು ಬಿಟ್ಟು ಹೋಗುವವರು ಇದ್ದಾರೆ. ಗಾಜು ಮುಚ್ಚಿದ ಕಾರು ಬಿಸಿಲಲ್ಲಿ ಅರ್ಧ ಗಂಟೆಯೊಳಗೇ ಒಲೆಯಾಗುತ್ತದೆ. ದೊಡ್ಡವರ ಮೈಗಿಂತ ಮಗುವಿನ ಮೈ ಮೂರರಿಂದ ಐದು ಪಟ್ಟು ಬೇಗ ಕಾಯುತ್ತದೆ. ಅಕ್ಷತೆಯ ಹೊತ್ತು ನಮಗೆ ಚಿಕ್ಕದು, ಆ ಕೂಸಿಗೆ ಅದು ಇಡೀ ಆಯುಸ್ಸು.

ಇನ್ನು ಸೀಟಿನ ಕೆಳಗಿನ ಕತ್ತಲು. ಅಲ್ಲಿ ಬ್ಯಾಟರಿ ಇರುತ್ತದೆ, ಅದರ ಮುಚ್ಚಳ ಕಳೆದುಹೋಗಿರುತ್ತದೆ. ಹಾಡು ಹಾಕುವ ಪೆಟ್ಟಿಗೆಗೆಂದು, ಬಣ್ಣದ ದೀಪಕ್ಕೆಂದು, ಮೊಬೈಲ್ ಚಾರ್ಜಿಗೆಂದು ಎಳೆದ ತಂತಿಗಳು ಜಡೆಯಂತೆ ಹೆಣೆದುಕೊಂಡಿರುತ್ತವೆ. ಫ್ಯೂಸ್ ಹೋದರೆ ಹೊಸ ಫ್ಯೂಸ್ ತರುವ ಬದಲು ತಾಮ್ರದ ಎಳೆ ಸುತ್ತಿ ಗಾಡಿ ಓಡಿಸುತ್ತೇವೆ. ಫ್ಯೂಸ್ ಎಂದರೆ ಮನೆಯ ಹಿರಿಯನ ಹಾಗೆ. ತಾನು ಸುಟ್ಟು ಮನೆಯನ್ನು ಉಳಿಸುತ್ತದೆ. ಅದರ ಜಾಗಕ್ಕೆ ತಾಮ್ರದ ಎಳೆ ಕೂರಿಸಿದರೆ ಎಳೆ ಉಳಿಯುತ್ತದೆ, ಮನೆ ಸುಡುತ್ತದೆ. ಮೇಲೆ ಕೂತವರ ಕಾಲ ಬಳಿ ಹತ್ತಿಯ ಗಂಟು, ಒಣ ಮೆಣಸಿನ ಚೀಲ, ಕೌದಿ, ಗೋಣಿತಟ್ಟು, ಒಂದು ಕಿಡಿಗೆ ಕಾದು ಕೂತ ಸರಕು. 2020ರ ಆಗಸ್ಟ್‌ನಲ್ಲಿ ವಿಜಯಪುರದಿಂದ ಬೆಂಗಳೂರಿಗೆ ಹೊರಟ ಬಸ್ಸು ಹಿರಿಯೂರಿನ ಬಳಿ ನಸುಕಿನಲ್ಲಿ ಹೊತ್ತಿಕೊಂಡು 5 ಮಂದಿ ಬೆಂದರು. ಅವರಲ್ಲಿ ಮಕ್ಕಳೂ ಇದ್ದರು. 2022ರ ಜೂನ್‌ನಲ್ಲಿ ನಮ್ಮ ಪಕ್ಕದ ಕಲಬುರಗಿ ಜಿಲ್ಲೆಯ ಕಮಲಾಪುರದ ಬಳಿ ಗೂಡ್ಸ್ ವಾಹನಕ್ಕೆ ಬಡಿದ ಬಸ್ಸು ಹೊತ್ತಿ ಉರಿದು, ಗೋವಾದಿಂದ ಮನೆಗೆ ಮರಳುತ್ತಿದ್ದವರು ಮನೆ ಮುಟ್ಟಲಿಲ್ಲ. ಒಂದೊಂದಕ್ಕೂ ಒಂದೊಂದು ಕಾರಣ, ನಾನು ಎಲ್ಲವನ್ನೂ ಒಂದೇ ತಂತಿಗೆ ಪೋಣಿಸುತ್ತಿಲ್ಲ. ಆದರೆ ಬೆಂಕಿ ಹೊತ್ತಿದ ಮೇಲೆ ಬಾಗಿಲಿನಿಂದ ದೂರ ಕೂತವರು, ಮಲಗಿದ ಮಕ್ಕಳು, ಎದ್ದು ಓಡಲಾರದವರು, ಇವರೇ ಕೊನೆಗೆ ಉಳಿಯುತ್ತಾರೆ. ದೊಡ್ಡ ಬಸ್ಸು ಉರಿದಾಗ ನಾವು ಎರಡು ದಿನ ಮಾತಾಡುತ್ತೇವೆ. ಟಂಟಂನ ಸೀಟು ದಿನಾ ಸುಡುತ್ತದೆ, ಒಂದು ದಿನವೂ ಮಾತಾಡುವುದಿಲ್ಲ.

ಯಾಕೆ ಮಾತಾಡುವುದಿಲ್ಲ? ಇದನ್ನು ನನಗೇ ನಾನು ಬಹಳ ಸಲ ಕೇಳಿಕೊಂಡಿದ್ದೇನೆ. ನಾವು ಕೆಟ್ಟವರಲ್ಲ. ಶಹಾಪುರದ ಬೆಟ್ಟದ ಸಾಲನ್ನು ಕಂಡರೆ ಬುದ್ಧ ಮಲಗಿದ್ದಾನೆ ಎಂದು ಮಕ್ಕಳಿಗೆ ಬೆರಳು ಮಾಡಿ ತೋರಿಸುವ ಜನ ನಾವು. ಕಲ್ಲಿನಲ್ಲೂ ಕರುಣೆಯ ಮುಖವನ್ನೇ ಕಂಡವರು. ಬೇಸಿಗೆ ಬಂತೆಂದರೆ ಅರವಟಿಗೆ ಇಡುತ್ತೇವೆ, ಹಕ್ಕಿಗೆ ಬೋಗುಣಿಯಲ್ಲಿ ನೀರಿಡುತ್ತೇವೆ, ಅಪರಿಚಿತರಿಗೂ ಮಜ್ಜಿಗೆ ಕೊಡುತ್ತೇವೆ. ಅಂಥ ನಮಗೆ ಏನಾಯಿತು? ಆಯಿಗೆ ಆದದ್ದೇ ಆಯಿತು. ದಿನಾ ಅದೇ ಬಿಸಿ, ದಿನಾ ಅದೇ ನೋಟ. ಮೊದಲು ಚುರ್ ಎನ್ನುತ್ತಿತ್ತು, ಆಮೇಲೆ ಜುಮ್ ಎಂದಿತು, ಆಮೇಲೆ ಏನೂ ತಿಳಿಯದಾಯಿತು. ಆಕೆಯ ಕಾಲಿಗೆ ಹಿಡಿದ ಜೋಮು ನಮ್ಮ ಮನಸ್ಸಿಗೂ ಹಿಡಿಯಿತು. ಆಕೆಯದು ಬೇನೆ, ಆಕೆಯ ತಪ್ಪಲ್ಲ. ನಮ್ಮದು ರೂಢಿ, ಅದಕ್ಕೆ ಮದ್ದಿದೆ, ಮದ್ದು ನಮ್ಮ ಕೈಯಲ್ಲೇ ಇದೆ.

ಗಾಡಿ ಓಡಿಸುವ ತಮ್ಮಾ, ನಿನ್ನ ಕಷ್ಟವೂ ನನಗೆ ಗೊತ್ತು. ಸಾಲದ ಕಂತು, ಏರುವ ಡೀಸೆಲ್, ಸೀಟು ತುಂಬದಿದ್ದರೆ ಸಂಜೆಗೆ ರೊಟ್ಟಿಯಿಲ್ಲ. ಎಂಜಿನ್ನಿನ ಬಿಸಿ ನಿನ್ನ ಬೆನ್ನನ್ನೂ ಬಿಟ್ಟಿಲ್ಲ. ಆದರೂ ಕೇಳುತ್ತೇನೆ, ನಿನ್ನ ಅವ್ವನನ್ನು ಆ ಸೀಟಿನಲ್ಲಿ ಕೂರಿಸುವೆಯಾ? ಉದುರಿದ ಶಾಖ ತಡೆಯುವ ಹಾಸನ್ನು ಮತ್ತೆ ಹಾಕಿಸು, ಹರಿದ ಸ್ಪಂಜಿಗೆ ಹೊಸ ಸ್ಪಂಜು ತುಂಬಿಸು, ಸೈಲೆನ್ಸರಿಗೆ ಜಾಲರಿ ಕಟ್ಟಿಸು, ಬ್ಯಾಟರಿಗೆ ಮುಚ್ಚಳ ಹಾಕಿಸು. ಸವಾರಿಗೆ ಕಾಯುವಾಗ ಗಾಡಿಯನ್ನು ಬೇವಿನ ನೆರಳಿಗೆ ಸರಿಸು. ಮುದುಕರು ಬಂದರೆ, ಕೂಸಿನ ತಾಯಿ ಬಂದರೆ, ಎಂಜಿನ್ನಿನಿಂದ ದೂರದ ಸೀಟು ಕೊಡಿಸು. ನೀನು ಹೇಳಿದರೆ ಗಟ್ಟಿಮುಟ್ಟಾದ ಹುಡುಗರು ಏಳುತ್ತಾರೆ, ನಿನ್ನ ಗಾಡಿಯಲ್ಲಿ ನಿನ್ನ ಮಾತೇ ಕಾನೂನು.

ಗ್ಯಾರೇಜಿನ ಅಣ್ಣಾ, ಗಾಡಿಯ ಹೊಟ್ಟೆಯೊಳಗಿನ ಕತ್ತಲನ್ನು ನಿಮ್ಮಷ್ಟು ಕಂಡವರು ಯಾರೂ ಇಲ್ಲ. ಗ್ರೀಸು ಮೆತ್ತಿದ ಆ ಕೈಗಳು ಸುಟ್ಟ ತಂತಿಯನ್ನು ಮೂಸಿಯೇ ಗುರುತಿಸುತ್ತವೆ. ಫ್ಯೂಸಿನ ಜಾಗಕ್ಕೆ ತಾಮ್ರ ಸುತ್ತಿ ಕೊಡು ಎಂದು ಬಂದವರಿಗೆ ಬೇಡ ಎನ್ನುವ ಹಕ್ಕು ನಿಮಗಿದೆ. ಆ ಒಂದು ಬೇಡದಲ್ಲಿ ಹತ್ತು ಜೀವಗಳ ಉಳಿವಿದೆ.

ಅಧಿಕಾರದಲ್ಲಿ ಕೂತವರೇ, ಕೆಎ 33 ಎಂದು ಬರೆದ ಪ್ರತಿ ಬಾಡಿಗೆ ಗಾಡಿಯೂ ನಿಮ್ಮ ಮುಂದೆ ಬಂದು ನಿಲ್ಲುತ್ತದೆ. ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಅದರ ಯೋಗ್ಯತೆ ನೋಡಬೇಕೆಂದು ನಿಯಮವಿದೆ. ದೀಪ, ಬ್ರೇಕು, ಹೊಗೆ ನೋಡುವ ಕಣ್ಣು ಆ ಹಿಂದಿನ ಸೀಟನ್ನೂ ಒಮ್ಮೆ ಎತ್ತಿ ನೋಡಲಿ. ಹೆಚ್ಚು ಜನ ತುಂಬಿದರೆ ತಲೆಗೆ 200 ರೂಪಾಯಿ ದಂಡ ಎಂದು 2019ರ ತಿದ್ದುಪಡಿ ಹೇಳುತ್ತದೆ. ದಂಡ ಹಾಕುವುದು ನಿಮ್ಮ ಕೆಲಸ, ಹಾಕಿ. ಆದರೆ ದಂಡ ಹಾಕಿ ಜನರನ್ನು ಇಳಿಸಿ ಹೋದರೆ ಅವರು ಮತ್ತೊಂದು ಗೂಡ್ಸ್ ಗಾಡಿಯ ತಗಡಿಗೇ ಹತ್ತುತ್ತಾರೆ. ಸುಗ್ಗಿಯ ಕಾಲದಲ್ಲಿ, ಬೆಳಗಿನ ಐದಕ್ಕೆ, ಹುಣಸಗಿಯ ಕಡೆಗೆ, ಕೆಂಭಾವಿಯ ಕಡೆಗೆ, ವಡಗೇರಾದ ಕಡೆಗೆ ಬಸ್ಸು ಬಿಡುವ ಬಗ್ಗೆ ಯೋಚಿಸಿ. ಬಸ್ಸು ಬಂದ ಕಡೆ ತಗಡು ತಾನಾಗಿ ಖಾಲಿಯಾಗುತ್ತದೆ.

ಡಾಕ್ಟರರೇ, ಆಶಾ ಅಕ್ಕಂದಿರೇ, ಸಕ್ಕರೆ ಚೀಟಿ ಹಿಡಿದು ಬಂದವರ ಪಾದ ನೋಡುತ್ತೀರಿ; ಹೇಗೆ ಬಂದಿರಿ, ಎಲ್ಲಿ ಕೂತು ಬಂದಿರಿ ಎಂದೂ ಒಂದು ಮಾತು ಕೇಳಿ. ತಿಳಿಯದ ಚರ್ಮದ ಮೇಲೆ ಬಿಸಿ ಬೀಳದಂತೆ ನೋಡಿಕೋ ಎಂದು ಆಕೆಯ ಭಾಷೆಯಲ್ಲೇ ಹೇಳಿ. ಮಾಸ್ತರರೇ, ಸುಟ್ಟರೆ ಏನು ಮಾಡಬೇಕೆಂದು ಮಕ್ಕಳಿಗೆ ಕಲಿಸಿ. ಇಪ್ಪತ್ತು ನಿಮಿಷ ತಣ್ಣನೆಯ ಹರಿಯುವ ನೀರು, ಬೇರೇನೂ ಇಲ್ಲ. ಟೂತ್‌ಪೇಸ್ಟ್ ಬೇಡ, ಇಂಕು ಬೇಡ, ಎಣ್ಣೆ ಬೇಡ, ಮಂಜುಗಡ್ಡೆಯೂ ಬೇಡ; ಬೊಬ್ಬೆ ಒಡೆಯಬೇಡ, ಶುದ್ಧ ಬಟ್ಟೆ ಮುಚ್ಚಿ ಆಸ್ಪತ್ರೆಗೆ ಒಯ್ಯಿ. ನಾಲ್ಕನೇ ಇಯತ್ತೆಯ ಹುಡುಗಿ ಇದನ್ನು ಕಲಿತರೆ ಆಕೆಯ ಮನೆಯ ಆಯಿಯ ಕಾಲು ಉಳಿದೀತು.

ಇನ್ನು ನೀವು. ಯಾವ ಅಧಿಕಾರವೂ ಇಲ್ಲದ, ಯಾವ ಗಾಡಿಯ ಒಡೆಯರೂ ಅಲ್ಲದ, ಈ ಬರಹವನ್ನು ಓದಿ ಪುಟ ತಿರುಗಿಸಲಿರುವ ನೀವು. ನಿಮಗೆ ನಾನು ದೊಡ್ಡದೇನನ್ನೂ ಕೇಳುತ್ತಿಲ್ಲ. ಮೆರವಣಿಗೆ ಮಾಡಿ ಎನ್ನುತ್ತಿಲ್ಲ, ಅರ್ಜಿ ಬರೆಯಿರಿ ಎನ್ನುತ್ತಿಲ್ಲ, ಚಾಲಕನ ಮೇಲೆ ಕೂಗಾಡಿ ಎಂದಂತೂ ಖಂಡಿತ ಅಲ್ಲ. ಮುಂದಿನ ಸಲ ಟಂಟಂ ಹತ್ತಿದಾಗ, ಕ್ರೂಸರ್ ಗಾಡಿ ಹತ್ತಿದಾಗ, ನಿಮ್ಮ ಮನೆಯ ಬೈಕಿನ ಮೇಲೆ ಮಗುವನ್ನು ಎತ್ತಿ ಕೂರಿಸುವಾಗ, ಬಿಸಿಲಲ್ಲಿ ನಿಂತ ಕಾರಿನಲ್ಲಿ ಕೂಸನ್ನು ಮಲಗಿಸುವಾಗ, ಕೂಲಿಯವರನ್ನು ಹೊಲಕ್ಕೆ ಕರೆದೊಯ್ಯಲು ಗೂಡ್ಸ್ ಗಾಡಿ ಕರೆಸಿದಾಗ, ಒಂದು ಕ್ಷಣ ನಿಂತು, ಬೇರೆಯವರು ಕೂರುವ ಜಾಗದ ಮೇಲೆ ನಿಮ್ಮ ಅಂಗೈ ಇಟ್ಟು ನೋಡಿ. ಹತ್ತು ಎಣಿಸುವವರೆಗೆ ಇಡಿ. ನಿಮ್ಮ ಕೈ ತಡೆಯದಿದ್ದರೆ ಅವರ ಮೈ ತಡೆಯುವುದಿಲ್ಲ. ಆಗ ಏನು ಮಾಡಬೇಕೆಂದು ನಾನು ಹೇಳಬೇಕಿಲ್ಲ, ಸುಟ್ಟ ಕೈಯೇ ಹೇಳುತ್ತದೆ. ಚಾಲಕನಿಗೆ ಮೆಲ್ಲಗೆ ಹೇಳುತ್ತೀರಿ. ಒಂದು ಬಾಟಲಿ ನೀರು ಚಿಮುಕಿಸುತ್ತೀರಿ. ಆಯಿಯನ್ನು ಕರೆದು ನಿಮ್ಮ ಸೀಟು ಕೊಡುತ್ತೀರಿ. ಆಕೆ ಬೇಡ ಬೇಡ ಎನ್ನುತ್ತಾಳೆ, ನೀವು ಬಿಡುವುದಿಲ್ಲ.

ಹಾಗೆ ಸೀಟು ಬದಲಿಸಿ ಆ ಕಟ್ಟಕಡೆಯ ಸೀಟಿಗೆ ನೀವು ಹೋಗಿ ಕೂತಾಗ, ಗಾಡಿ ಹೊರಟು ಐದು ನಿಮಿಷಕ್ಕೆ ನಿಮಗೆ ಸುಡಲು ಶುರುವಾಗುತ್ತದೆ. ನೀವು ಆ ಕಡೆ ಈ ಕಡೆ ಸರಿಯುತ್ತೀರಿ, ಟವೆಲ್ ಮಡಿಸಿ ಹಾಕಿಕೊಳ್ಳುತ್ತೀರಿ, ಅರ್ಧ ಎದ್ದು ಸರಳು ಹಿಡಿದು ನಿಲ್ಲುತ್ತೀರಿ, ಹತ್ತಿಗುಡೂರು ಯಾವಾಗ ಬರುತ್ತದೋ ಎಂದು ರಸ್ತೆ ನೋಡುತ್ತೀರಿ. ಎದುರು ಕೂತ ಆಯಿ ನಿಮ್ಮ ಒದ್ದಾಟ ಕಂಡು ಕೇಳುತ್ತಾಳೆ, "ಸುಡ್ತದೇನಪ್ಪ?"

ಹೌದು ಎನ್ನಿ. ಸುಡ್ತದ ಆಯೀ ಎನ್ನಿ. ಗಾಡಿಯಲ್ಲಿರುವವರೆಲ್ಲ ಕೇಳುವಷ್ಟು ಗಟ್ಟಿಯಾಗಿ ಹೇಳಿ. ಆಕೆ ಇಷ್ಟು ವರ್ಷ ಹೇಳಲಾಗದೆ ಉಳಿದ ಮಾತು ಅದು.